ಅತ್ತೆಯ ಸೆಣಬು, ಮಂಗಲಾಳ ಗದ್ದೆ

ಪುಣೆಯ ಕೋಥ್ರೂಡದಲ್ಲಿರುವ ನಮ್ಮ ಸೊಸೈಟಿಯ ಹಿಂದಿನ ಮೂಲೆಯಲ್ಲಿ ಒಂದು ಗೊಬ್ಬರದ ಗುಂಡಿ ಇದೆ. ಮೇ ತಿಂಗಳ ಕೊನೆಗೆ ಬಂದ ಅಡ್ಡ ಮಳೆಗೆ ಅದು ನಾರತೊಡಗಿತು. ಹಸಿ ಸೊಪ್ಪು ನೀರಲ್ಲಿ ಕೊಳೆಯುವ ನಾತ ಬೇರೆ, ಕಸದ ನಾತ ಬೇರೆ. ಆದರೆ ಆ ವ್ಯತ್ಯಾಸ ತಿಳಿಯುವಷ್ಟು ಪುರುಸೊತ್ತು ನಮ್ಮ ಸೊಸೈಟಿಯಲ್ಲಿ ಯಾರಿಗೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಮೂಗು ಮುಚ್ಚಿದ ಗೊಂಬೆಗಳು ಬಂದವು, ಸಂಜೆಗೆ ಸಭೆ ಕರೆದರು. ಗುಂಡಿಯನ್ನೇ ಮುಚ್ಚಿಸಿ ಅಲ್ಲಿ ಸ್ಕೂಟರ್ ನಿಲ್ಲಿಸೋಣ ಎಂದು ಕಾರ್ಯದರ್ಶಿಗಳು ಹೇಳಿದರು. ಹದಿನೆಂಟು ವರ್ಷದಲ್ಲಿ ಒಂದು ಸಭೆಯಲ್ಲೂ ಬಾಯಿ ತೆರೆಯದ ನಾನು ಎದ್ದು ನಿಂತು, "ಇನ್ನೊಂದು ಎಂಟು ದಿನ ತಡೀರಿ, ತಾನೇ ಹೋಗುತ್ತೆ. ಇದು ಒಳ್ಳೇ ನಾತ" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಅಷ್ಟೂ ಜನ ತಿರುಗಿ ನನ್ನನ್ನೇ ನೋಡಿದರು, ನಾತ ನನ್ನಿಂದಲೇ ಬರುತ್ತಿದೆಯೇನೋ ಎಂಬಂತೆ.

ಈ ಜ್ಞಾನ ನಾನು ಓದಿ ಪಡೆದದ್ದಲ್ಲ. ನನ್ನ ಅತ್ತೆ ಕೊಟ್ಟುಹೋದದ್ದು. ನಾನು ಕೇಳಿರಲಿಲ್ಲ. ಕೇಳದೆ ಕೊಡುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಅತ್ತೆ ಹಳಿಯಾಳದ ಕಡೆಯವರು. ನಲವತ್ತು ವರ್ಷ ಭತ್ತದ ಗದ್ದೆಯಲ್ಲಿ ದುಡಿದು, ಅದನ್ನು ಹಿರಿಯ ಮಗನಿಗೆ ಒಪ್ಪಿಸಿ, ನನ್ನ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಪುಣೆಗೆ ಬಂದರು. ನಂತರ ಹದಿನಾಲ್ಕು ವರ್ಷ ಇದ್ದರು. ಗದ್ದೆ ಬಿಟ್ಟುಬಂದೆ ಎಂದು ಅವರೇ ಹೇಳುತ್ತಿದ್ದರು, ಆದರೆ ನಮ್ಮ ಮೂರು ಕೋಣೆಯ ಮನೆಯಲ್ಲಿ ಅವರು ಗದ್ದೆಯನ್ನು ಬಿಟ್ಟ ದಿನ ಒಂದೂ ನನಗೆ ನೆನಪಿಲ್ಲ. ಬಾಲ್ಕನಿಯಲ್ಲಿ ನಾನು ಇಟ್ಟುಕೊಂಡಿದ್ದ ಆರು ಕುಂಡಗಳ ಆಡಳಿತ ಬಂದ ವಾರವೇ ಅವರ ಕೈಸೇರಿತು. ಮೆಣಸಿನ ಗಿಡ ತೆಗೆದ ಕುಂಡದಲ್ಲಿ ಮತ್ತೆ ಮೆಣಸು ಹಾಕಲು ಹೋದರೆ, "ಅದ ಮಣ್ಣಾಗ ಅದನ್ನ ಎಷ್ಟ ಸರ್ತಿ ಹಾಕ್ತೀಯವಾ? ಮಣ್ಣಿಗೂ ಬ್ಯಾಸರ ಆಗ್ತದ. ಈಗ ಹೆಸರ ಹಾಕು" ಎನ್ನುವರು. ಸರಿ, ಹೆಸರು ಹಾಕಿದೆ. ಅದು ಮೊಳೆತು, ಎಲೆ ಬಿಟ್ಟು, ಹಳದಿ ಮೊಗ್ಗು ತೋರಿತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಗಿಡವನ್ನೆಲ್ಲ ಕತ್ತರಿಸಿ ಅದೇ ಮಣ್ಣಿನಲ್ಲಿ ಕಲೆಸಿಬಿಟ್ಟಿದ್ದರು. ನಾನು ಆ ಕಾಳಿಗಾಗಿ ಕಾಯುತ್ತಿದ್ದೆ ಎಂದರೆ, ಅಂಗಡಿಯಲ್ಲಿ ಹೆಸರುಕಾಳು ಸಿಗುವುದಿಲ್ಲವೇ ಎಂದು ಕೇಳಿದರು.

ಒಂದು ಗಿಡವನ್ನು ಮಾತ್ರ ನನಗೆ ತೋರಿಸಲೆಂದು ಉಳಿಸಿಕೊಂಡಿದ್ದರು. ಅದರ ಬೇರಿನಲ್ಲಿ ಸಾಸಿವೆಯಷ್ಟು ದಪ್ಪದ ಗಂಟುಗಳಿದ್ದವು. ಒಂದನ್ನು ಉಗುರಿನಿಂದ ಸೀಳಿ ನನ್ನ ಕಣ್ಣಿನ ಹತ್ತಿರ ಹಿಡಿದರು. ಒಳಗೆ ನಸುಗೆಂಪು. "ಕೆಂಪ ಅದ ಅಂದ್ರ ಒಳಗ ಕೆಲಸ ನಡದದ. ಗಾಳ್ಯಾಗಿನ ಕಸುವು ಹಿಡದು ಮಣ್ಣಿಗೆ ತಂದ ಹಾಕ್ತದ ಇದು. ಭತ್ತ ಬರೇ ತಿಂತದ. ತಿನ್ನಾವ ಒಬ್ಬ ಇದ್ರ ತರಾವ ಒಬ್ಬ ಬೇಕಲಾ?" ನಾನು ಆಗ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ತರುವವಳೂ ಆಗಿದ್ದೆ, ಬೇಯಿಸುವವಳೂ ಆಗಿದ್ದೆ, ಬೇರಿನ ಗಂಟನ್ನು ಮೆಚ್ಚುವ ತಾಳ್ಮೆ ಉಳಿದಿರಲಿಲ್ಲ.

ಕುಂಡಗಳಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮುಗಿಯದಿರಲು ಕಾರಣ ಮಂಗಲಾ.

ಮಂಗಲಾ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಳು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು. ಪೌಡ ದಾಟಿ ಮುಳಶಿಯ ದಾರಿಯಲ್ಲಿ ಅವರ ಊರು. ಗಂಡ ದತ್ತಾ ರಿಕ್ಷಾ ಓಡಿಸುತ್ತಿದ್ದ. ವಾರವೆಲ್ಲ ಇಲ್ಲಿ ಬಾಡಿಗೆ ಕೋಣೆ, ಭತ್ತದ ಕಾಲಕ್ಕೆ ಊರು. ಅಲ್ಲಿ ದತ್ತಾನಿಗೂ ಅವನ ಅಣ್ಣನಿಗೂ ಸೇರಿ ರಸ್ತೆಯಂಚಿಗೆ ಒಂದು ತುಂಡು ಗದ್ದೆ. ಒಂದು ಏಪ್ರಿಲ್ ಬೆಳಿಗ್ಗೆ ಪಾತ್ರೆ ತೊಳೆಯುತ್ತ ಮಂಗಲಾ ಅತ್ತುಬಿಟ್ಟಳು. ಗದ್ದೆ ಸತ್ತುಹೋಗಿದೆಯಂತೆ. ಎಷ್ಟು ಯೂರಿಯಾ ಸುರಿದರೂ ತೆನೆ ಜೊಳ್ಳು, ಮಣ್ಣು ಒಣಗಿದರೆ ಹೆಂಚಿನಂತೆ ಗಟ್ಟಿ. ಬಂಗಲೆ ಪ್ಲಾಟು ಮಾಡುವವರೊಬ್ಬರು ಬಂದು ಕೇಳಿದ್ದಾರೆ, ಭಾವ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ, ದತ್ತಾನೂ ಹೂಂ ಅನ್ನುವ ಹಾಗೆ ಇದ್ದಾನೆ. "ವೈನಿ, ವರ್ಷದ ಅನ್ನ ಅಲ್ಲಿಂದ ಬರೋದು. ಅದೂ ಹೋದರೆ ನಾನು ಸಾಯೋತನಕ ಪಾತ್ರೆ ತಿಕ್ಕೋದೇ."

ನಾನು ಚಹಾ ಕೊಟ್ಟು ಸಮಾಧಾನ ಮಾಡಿದೆ. ನಡುಮನೆಯಲ್ಲಿ ತೊಗರಿಬೇಳೆ ಆರಿಸುತ್ತ ಕುಳಿತಿದ್ದ ಅತ್ತೆ ಸಮಾಧಾನ ಮಾಡಲಿಲ್ಲ. ಗಡಿಭಾಗದವರಾದ್ದರಿಂದ ಅವರಿಗೆ ಮರಾಠಿ ಬರುತ್ತಿತ್ತು, ಆದರೆ ಅದು ಪುಣೆಯವರು ಕಿವಿ ಮುಚ್ಚಿಕೊಳ್ಳುವಂಥ ಮರಾಠಿ. ಅದರಲ್ಲೇ ವಿಚಾರಣೆ ಆರಂಭಿಸಿದರು. ಭತ್ತ ಕೊಯ್ದ ಮೇಲೆ ಏನು ಹಾಕುತ್ತೀರಿ? ಏನಿಲ್ಲ, ದನ ಬಿಡುತ್ತೇವೆ. ನಾಟಿಗೆ ಮೊದಲು? ಏನಿಲ್ಲ. ಬರೀ ಭತ್ತ, ಮತ್ತೆ ಭತ್ತ? ಹೂಂ ಆಜಿ. ಮೊದಲಿಂದಲೂ ಹೀಗೆಯೇ? ಇಲ್ಲ, ನಮ್ಮ ಅತ್ತೆ ಇದ್ದಾಗ ಕೊಯ್ಲಾದ ಮೇಲೆ ಏನೋ ಕಾಳು ಚೆಲ್ಲುತ್ತಿದ್ದರು, ಅವರು ಹೋದ ಮೇಲೆ ಯಾರು ಮಾಡುತ್ತಾರೆ.

"ಸತ್ತಿಲ್ಲ ಬಿಡು, ಉಪವಾಸ ಬಿದ್ದದ," ಎಂದರು ಅತ್ತೆ. "ಮುಂದಿನ ತಿಂಗಳ ಮಳಿ ಬಿದ್ದ ಕೂಡ್ಲೇ ಸೆಣಬ ಬಿತ್ತೂಣು. ಹೂವ ಬಿಡ್ತಿದ್ದಂಗ ಕೊಯ್ದು ಕೆಸರಾಗ ತುಳಿಯೂಣು. ಕೊಳತು ಗೊಬ್ಬರ ಆಗ್ತದ. ಆಮ್ಯಾಲೆ ನಾಟಿ."

ಬಿತ್ತೂಣು, ತುಳಿಯೂಣು. ಈ 'ಊಣು' ನನ್ನ ಮೈ ಉರಿಸಿತು. ಮಂಗಲಾ ಹೋದ ಮೇಲೆ ಹೇಳಿದೆ: "ಅತ್ಯಾರ, ಅದು ನಮ್ಮ ಹೊಲ ಅಲ್ಲ. ಹೆಚ್ಚುಕಮ್ಮಿ ಆದ್ರ ಅವ್ರ ಮನಿ ಅನ್ನ ಹೋಗ್ತದ. ನಾವು ಹೇಳೋದು ಚಲೋ ಅಲ್ಲ."

"ಬಂಗ್ಲೆ ಕಟ್ಟಿದ್ರ ಅನ್ನ ಉಳೀತದೇನ?" ಎಂದರು. ಅವರ ಪ್ರಶ್ನೆಗಳೆಲ್ಲ ಹೀಗೆಯೇ. ಅದೇ ನನ್ನ ಕಷ್ಟ.

ನನ್ನ ಯಜಮಾನರು ಭೋಸರಿಯ ಕಾರ್ಖಾನೆಯಲ್ಲಿ ಎಂಜಿನಿಯರು. ವಾರದ ಒಂದೇ ರಜೆಯಲ್ಲಿ ಅವರನ್ನು ಬೀಜದಂಗಡಿಗೆ ಅಟ್ಟಿ ಸೆಣಬಿನ ಬೀಜದ ಚೀಲ ತರಿಸಲಾಯಿತು. ಅದು ಮೂರು ವಾರ ನಮ್ಮ ದಿವಾನದ ಪಕ್ಕ ಕುಳಿತಿತ್ತು. ಮೊದಲ ಮಳೆ ಬಿದ್ದ ಭಾನುವಾರ ಅತ್ತೆ, ನಾನು, ಚೀಲ, ಮೂವರೂ ದತ್ತಾನ ರಿಕ್ಷಾದಲ್ಲಿ ಊರಿಗೆ ಹೋದೆವು. ಅತ್ತೆ ಸೀರೆ ಎತ್ತಿಕಟ್ಟಿ ಗದ್ದೆಗಿಳಿದು, ಬುಟ್ಟಿಯಿಂದ ಬೀಜ ತೆಗೆದು ಬೀಸಿದರು. ಎಪ್ಪತ್ತು ದಾಟಿದ ತೋಳು ಅಷ್ಟು ಸಲೀಸಾಗಿ ತಿರುಗುವುದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಅದೇ ತೋಳು ಗ್ಯಾಸ್ ಒಲೆಯ ಗುಂಡಿ ತಿರುಗಿಸಲೂ ನೋಯುತ್ತದೆ ಎನ್ನುತ್ತಿತ್ತು. ಮೂಲೆಯಲ್ಲಿ ಭತ್ತದ ಸಸಿಮಡಿಗೂ ಜಾಗ ಬಿಡಿಸಿ, ಯಾವಾಗ ಅದನ್ನು ಬಿತ್ತಬೇಕೆಂದು ದಿನ ಹೇಳಿದರು. ದತ್ತಾನ ಅಣ್ಣ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ನಗುತ್ತಿದ್ದ. "ಈ ಒಂದು ವರ್ಷ ಆಟ ಆಡಿಕೊಳ್ಳಲಿ. ದೀಪಾವಳಿ ಆದ ಮೇಲೆ ಪ್ಲಾಟಿನವರಿಗೆ ಮಾತು ಕೊಡೋಣ" ಎಂದು ತಮ್ಮನಿಗೆ ಎಲ್ಲರೂ ಕೇಳುವಂತೆಯೇ ಹೇಳಿದ.

ಜೂನ್ ಕೊನೆಯ ವಾರ ಅತ್ತೆ ಬಚ್ಚಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡರು. ಪ್ಲಾಸ್ಟರು, ಮಂಚ, ಆರು ವಾರ ಅಲುಗಾಡಬಾರದು. ಮನೆಯಲ್ಲಿ ಅಲುಗಾಡದೆ ಉಳಿದದ್ದು ಅವರೊಬ್ಬರೇ. ಉಳಿದವರನ್ನೆಲ್ಲ ಅವರು ಅಲುಗಾಡಿಸಿದರು. ನಾನು ಗ್ಯಾಸ್ ಸಿಲಿಂಡರಿನ ತಾರೀಖು ಬರೆದುಕೊಳ್ಳುವ ಕ್ಯಾಲೆಂಡರನ್ನು ಮಂಚದ ಬಳಿಗೆ ತರಿಸಿಕೊಂಡು, ಬಿತ್ತಿದ ದಿನದಿಂದ ಎಣಿಸಿ, ನಲವತ್ತೈದನೆಯ ದಿನಕ್ಕೆ ಕುಂಕುಮ ಹಚ್ಚಿದರು. ಮಂಗಲಾ ಊರಿಗೆ ಹೋಗಿದ್ದಳು. ದಿನಕ್ಕೆರಡು ಸಲ ಫೋನು. ಮೊಗ್ಗು ಬಂತೇನು? ಎಷ್ಟು ಎತ್ತರ? ಕಾಂಡ ಚಿವುಟಿ ನೋಡಿದೆಯಾ? ಇಷ್ಟನ್ನೂ ಅವರು ಕೇಳುವುದು ನಾನು ಆಫೀಸಿಗೆ ಹೊರಡುವ ಹೊತ್ತಿನಲ್ಲೇ, ನಂಬರು ನಾನೇ ಒತ್ತಿಕೊಡಬೇಕು.

ಮೊಗ್ಗು ಬಂತು, ಹೂವೂ ಬಂತು. ಆದರೆ ಕೊಯ್ಯಲಿಲ್ಲ. ನಲವತ್ತೈದಾಯಿತು, ಐವತ್ತಾಯಿತು. ಮಂಗಲಾ ಫೋನಿನಲ್ಲಿ ನಾಳೆ, ನಾಡಿದ್ದು ಎಂದು ರಾಗ ಎಳೆಯತೊಡಗಿದಳು. ಐವತ್ತೆರಡನೆಯ ದಿನ ಅತ್ತೆ ನನ್ನನ್ನು ಕರೆದು, "ನೀ ಹೋಗಿ ನೋಡಿ ಬಾ. ಕಾಂಡ ನಾರ ಆತು ಅಂದ್ರ ಲಗೂ ಕೊಳಿಯೂದಿಲ್ಲ" ಎಂದರು. ಆಫೀಸು? "ಒಂದ ದಿನ ಆಫೀಸ ಬಿಟ್ರ ಬ್ಯಾಂಕ್ ಮುಳಗ್ತದೇನ?" ನಾನು ಬ್ಯಾಂಕಿನವಳಲ್ಲ, ವಿಮೆಯವಳು, ಎಂಟು ವರ್ಷ ಹೇಳಿದರೂ ಅವರಿಗೆ ಅದು ಬ್ಯಾಂಕೇ. ರಜೆ ಹಾಕಿ, ಹಲ್ಲು ಕಚ್ಚಿಕೊಂಡು ಪೌಡದ ಬಸ್ಸು ಹತ್ತಿದೆ.

ಗದ್ದೆ ಮುಟ್ಟುವ ಮೊದಲೇ ವಿಷಯ ತಿಳಿಯಿತು. ರಸ್ತೆಯಂಚಿಗೆ ನಾಲ್ಕು ಕಾರು ನಿಂತಿದ್ದವು. ಮಳೆ ನೋಡಲು ಮುಳಶಿಗೆ ಹೊರಟ ಮಗರಪಟ್ಟಾದ ಐಟಿ ಕಂಪನಿಗಳ ಹುಡುಗ ಹುಡುಗಿಯರು ಎದೆಯೆತ್ತರದ ಹಳದಿ ಹೂವಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದತ್ತಾ ಛತ್ರಿ ಹಿಡಿದು, ಮಗಳ ಮದುವೆಯ ಯಜಮಾನನಂತೆ ಅವರಿಗೆ ದಾರಿ ತೋರಿಸುತ್ತಿದ್ದ. ನನ್ನನ್ನು ಕಂಡು ಅವನ ಮುಖ ಸಣ್ಣದಾಯಿತು.

"ವೈನಿ, ನೀವೇ ನೋಡಿ," ಎಂದ. "ನಮ್ಮ ಗದ್ದೇಲಿ ಇಂಥ ಬೆಳೆ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಇದನ್ನ ಹೇಗೆ ಮಣ್ಣಿಗೆ ಹಾಕೋದು? ಹೂ ಬಿಟ್ಟಿದ್ದನ್ನ ಕೊಲ್ಲೋದು ಪಾಪ ಅಂತಾನೆ ಅಣ್ಣ."

ಅಣ್ಣನ ಪಾಪಭೀತಿಯ ಮೂಲ ನನಗೆ ಗೊತ್ತಿತ್ತು. ನಾಟಿ ತಪ್ಪಿದರೆ ಮಾರುವುದು ಸುಲಭ. ಆದರೆ ದತ್ತಾನದು ಸುಳ್ಳಲ್ಲ. ಅವನು ನಿಜವಾಗಿ ಕೈಬರದೆ ನಿಂತಿದ್ದ. ನಾನು ಏನು ಹೇಳಲಿ? ನನ್ನದಲ್ಲದ ಹೊಲ, ನನ್ನದಲ್ಲದ ವಿದ್ಯೆ. ಮಳೆ, ಚಪ್ಪಲಿಗೆ ಅಂಟಿದ ಕೆಸರು, ವ್ಯರ್ಥವಾದ ರಜೆ, ಮಂಚದಲ್ಲಿ ಕಾಯುತ್ತಿರುವ ಅತ್ತೆ, ಎಲ್ಲದರ ಸಿಟ್ಟು ಸೇರಿ ಒಂದು ಗಿಡವನ್ನು ಹಿಡಿದು ಕಿತ್ತೆ. ಬೇರಿನ ಮಣ್ಣು ಕೊಡವಿ, ಒಂದು ಗಂಟು ಸೀಳಿ ಅವನ ಮುಂದೆ ಹಿಡಿದೆ. "ಹೂವು ಫೋಟೋ ತೆಗೆಯೋರಿಗೆ. ನಿಮಗೆ ಸಿಗೋದು ಇದು. ಇನ್ನು ಹತ್ತು ದಿನ ಬಿಟ್ಟರೆ ಎಲ್ಲ ಕಸುವೂ ಮೇಲೇರಿ ಬೀಜಕ್ಕೆ ಹೋಗುತ್ತೆ. ಆಮೇಲೆ ಹಗ್ಗ ಹೊಸೆದುಕೊಳ್ಳಿ." ಬೀಜಕ್ಕೆ ಹೋಗುತ್ತದೆ ಎಂದು ನನಗೆ ಯಾರು ಹೇಳಿದ್ದರೋ. ಹೇಳಿರಲೇಬೇಕು. ಕೇಳಿಸಿಕೊಂಡಿದ್ದೆ ಎಂಬುದು ಅಂದು ನನಗೇ ಗೊತ್ತಾಯಿತು.

ದತ್ತಾ ಇನ್ನೂ ಬೇರನ್ನು ನೋಡುತ್ತಿದ್ದ. ಮಂಗಲಾ ಮನೆಯೊಳಗೆ ಹೋಗಿ ಕುಡುಗೋಲು ತಂದು, ರಸ್ತೆಯ ಕಡೆಯಿಂದಲೇ, ಫೋಟೋದವರ ಕಾಲ ಬುಡದಿಂದಲೇ ಕೊಯ್ಯಲು ಶುರುಮಾಡಿದಳು. ಒಬ್ಬ ಹುಡುಗಿ, "ಅಯ್ಯೋ, ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸ್ವಲ್ಪ ಹೊತ್ತಿಗೆ ದತ್ತಾ ಛತ್ರಿ ಮಡಚಿ ಇಳಿದ.

ಪವರ್ ಟಿಲ್ಲರ್ ತರಿಸಿದರೆ ಬಲಿತ ನಾರು ಅದರ ಅಲಗಿಗೆ ಸುತ್ತಿಕೊಂಡು ಯಂತ್ರ ಗೊರಗೊರ ಎಂದು ನಿಂತಿತು. ಅಷ್ಟನ್ನೂ ಕೈಯಿಂದ ತುಂಡು ಮಾಡಬೇಕಾಯಿತು. ನಾನೂ ಮಾಡಿದೆ; ಸಂಜೆಗೆ ನನ್ನ ಅಂಗೈಯಲ್ಲಿ ಬೊಬ್ಬೆಗಳಿದ್ದವು, ಮಾರನೆಯ ದಿನ ಆಫೀಸಿನಲ್ಲಿ ಪೆನ್ನು ಹಿಡಿಯಲಾಗಲಿಲ್ಲ.

ಇಷ್ಟಾದ ಮೇಲೆ ಎಲ್ಲ ಸರಿಹೋಗಬೇಕಲ್ಲವೇ? ಹೋಗಲಿಲ್ಲ. ಹತ್ತು ದಿನ ಕೊಳೆಯಲು ಬಿಡಿ ಎಂದು ಅತ್ತೆ ಹೇಳಿದ್ದರು. ಸಸಿ ಬಲಿತುಹೋಗುತ್ತದೆ ಎಂದು ಅಣ್ಣ ಅವಸರ ಮಾಡಿ ನಾಲ್ಕೇ ದಿನಕ್ಕೆ ನಾಟಿ ಮಾಡಿಸಿದ. ಗದ್ದೆ ಗಬ್ಬೆಂದು ನಾರಿತು, ನೀರಿನಲ್ಲಿ ಗುಳ್ಳೆ ಎದ್ದವು, ಒಂದು ವಾರದಲ್ಲಿ ಸಸಿಯೆಲ್ಲ ಹಳದಿಯಾಗಿ ಕುಸಿಯಿತು. ಮಂಗಲಾ ಕೆಲಸಕ್ಕೆ ಮರಳಿದಳು, ಆದರೆ ನಮ್ಮೊಂದಿಗೆ ಮಾತು ನಿಲ್ಲಿಸಿದಳು. ಪಾತ್ರೆಗಳೇ ಅವಳ ಪರವಾಗಿ ಮಾತಾಡಿದವು. ಸ್ಟೀಲಿನ ತಟ್ಟೆ ಅಷ್ಟು ಜೋರಾಗಿ ಮಾತಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ತಾಳ್ಮೆ ಕಡಿಯಿತು. "ನಾ ಮೊದಲ ಹೇಳಿದ್ದೆ ಅತ್ಯಾರ. ನೀವು ಕೇಳಲಿಲ್ಲ. ಅವ್ರ ವರ್ಷದ ಅನ್ನ ಅದು. ನಾಳೆ ಅವ್ರಿಗೆ ಏನ್ ಹೇಳೋಣು?" ಎಂದು ಕೂಗಿಯೇಬಿಟ್ಟೆ. ಅತ್ತೆ "ಕೊಳಿಯೂದ ಮುಗೀಲಿ, ಎರಡ ವಾರ ನೋಡೂಣವಾ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದರು. ಅಂದಿನಿಂದ ತಟ್ಟೆಯಲ್ಲಿ ಅನ್ನ ಬೇಡ ಎಂದರು. ರೊಟ್ಟಿ ಸಾಕು, ಅನ್ನ ಒಗ್ಗುತ್ತಿಲ್ಲ ಎಂದರು. ಒಂದು ತುತ್ತು ಅನ್ನವಿಲ್ಲದೆ ಊಟ ಮುಗಿಸದವರು ಅವರು. ಎರಡು ವಾರ ನಾನು ರೊಟ್ಟಿ ಬಡಿದೆ, ಅವರು ಮುರಿದು ತಿಂದರು.

ಆ ಜಗಳದ ಹದಿನೇಳನೆಯ ದಿನ ಮಂಗಲಾ ಎಂದಿಗಿಂತ ಒಂದು ತಾಸು ಮೊದಲೇ ಬಂದಳು. ನನ್ನನ್ನು ದಾಟಿ ನೇರ ಮಂಚದ ಬಳಿ ಹೋಗಿ ಮೊಬೈಲು ಹಿಡಿದಳು. ಊರಿನಿಂದ ದತ್ತಾ ಕಳಿಸಿದ ಫೋಟೋ. ಗದ್ದೆ ಹಸಿರಾಗಿರಲಿಲ್ಲ, ಕಪ್ಪಾಗಿತ್ತು, ಅಷ್ಟು ಹಸಿರು. ಅಕ್ಕಪಕ್ಕದ ಗದ್ದೆಗಳು ಅದರ ಮುಂದೆ ತೊಳೆದು ಒಣಹಾಕಿದ ಬಟ್ಟೆಯಂತಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಈಗಾದರೂ ನಗುತ್ತಾರೆ ಎಂದುಕೊಂಡೆ. "ಭಾಳ ಕಪ್ಪಾಗೇದ," ಎಂದರು. "ಹಿಂಗಾದ್ರ ತೆನಿ ಭಾರಕ್ಕ ಮಲಗ್ತದ. ಇನ್ನ ಒಂದ ಹಿಡಿ ಯೂರಿಯಾ ಸುದ್ದಾ ಹಾಕಬ್ಯಾಡ ಅಂತ ಹೇಳ್ ಅವಗ." ಆಮೇಲೆ ನನ್ನತ್ತ ನೋಡದೆ, ಇವತ್ತು ಸ್ವಲ್ಪ ಅನ್ನ ಮಾಡು ಎಂದರು.

ಆ ವರ್ಷ ರಾಶಿ ಏನು ಬೆಟ್ಟದಷ್ಟು ಆಗಲಿಲ್ಲ. ಹಿಂದಿನ ವರ್ಷಕ್ಕಿಂತ ತುಸು ಹೆಚ್ಚು, ಕಾಳು ಗಟ್ಟಿ, ಅಷ್ಟೇ. ಅಣ್ಣನಿಗೆ ಅದು ಸಾಲಲಿಲ್ಲ. ಅವನು ದೀಪಾವಳಿ ಮುಗಿದೊಡನೆ ತನ್ನ ಪಾಲನ್ನು ಬೇರೆ ಮಾಡಿಸಿಕೊಂಡು ಮಾರಿದ. ದತ್ತಾನ ಪಾಲು ಉಳಿಯಿತು. ಉಳಿಸಿದ್ದು ಸೆಣಬೋ ಮಂಗಲಾಳ ಹಟವೋ ನನಗೆ ಗೊತ್ತಿಲ್ಲ. ತನ್ನ ಕುಡುಗೋಲಿನಿಂದ ಕೊಯ್ದ ಮೇಲೆ ಅವಳು ಆ ಗದ್ದೆಯನ್ನು ನಮ್ಮದು ಎನ್ನುವುದು ಬಿಟ್ಟು ನನ್ನದು ಎನ್ನತೊಡಗಿದ್ದಳು.

ಕೊಯ್ಲಿನ ಮರುವಾರವೇ ಅತ್ತೆಯ ಎರಡನೆಯ ಆಜ್ಞೆ ಹೊರಟಿತು: ಮಣ್ಣಿನಲ್ಲಿ ಪಸೆ ಇರುವಾಗಲೇ ಕಡಲೆ ಚೆಲ್ಲಬೇಕು. ಮಂಗಲಾ ಒರೆಸುವ ಬಟ್ಟೆ ಹಿಂಡುತ್ತ, "ಆಜಿ, ನಮ್ಮಲ್ಲಿ ಕಡಲೆ ಬರೋದಿಲ್ಲ. ಬುಡ ಕೊಳೆಯುತ್ತೆ. ವಾಲ ಹಾಕ್ತೀನಿ" ಎಂದಳು. ವಾಲ ಎಂದರೆ ನಮ್ಮ ಅವರೆಯ ಜಾತಿ. ಈ ಮನೆಯಲ್ಲಿ ಅತ್ತೆಗೆ ಇಲ್ಲ ಎಂದವರು ಅದುವರೆಗೆ ಇರಲಿಲ್ಲ. ಅತ್ತೆ ಕೇಳಿದರು, ನಿಮ್ಮ ಅತ್ತೆ ಚೆಲ್ಲುತ್ತಿದ್ದದ್ದು ಅದೇ ಏನು ಎಂದು. ಹೌದು, ಈಗ ನೆನಪಾಯಿತು, ಅದೇ. ಅತ್ತೆ ಹೇಳಿದರು: "ಹಂಗಾದ್ರ ನಿಂದ ಖರೆ. ನಾ ತಪ್ಪ ಹೇಳಿದೆ. ನಿಮ್ಮ ಮಣ್ಣು ನಿಮಗ ಗೊತ್ತು."

ನಾನು ಒಲೆಯ ಮುಂದೆ ಹುಟ್ಟು ಹಿಡಿದು ನಿಂತೇ ಇದ್ದೆ. ಅಷ್ಟು ವರ್ಷದಲ್ಲಿ ಸಾರಿನ ಉಪ್ಪಿನಿಂದ ಹಿಡಿದು ಮಗಳ ಶಾಲೆಯವರೆಗೆ ಎಷ್ಟು ವಿಷಯದಲ್ಲಿ ನಾನು ಸರಿಯಿದ್ದೆ. ಒಂದು ಸಲವಾದರೂ ನಾ ತಪ್ಪ ಹೇಳಿದೆ ಎಂಬ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅದು ನೆಲ ಒರೆಸುವವಳಿಗೆ, ಅದೂ ಒಂದು ಅವರೆಕಾಳಿನ ವಿಷಯಕ್ಕೆ, ಇಷ್ಟು ಸುಲಭವಾಗಿ ಸಿಕ್ಕಿತು. ಎರಡು ದಿನ ನಾನು ಇಬ್ಬರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಇಬ್ಬರಿಗೂ ಅದು ಗೊತ್ತಾಗಲಿಲ್ಲ. ವಾಲದ ಬೀಜ ಎಲ್ಲಿ ಸಿಗುತ್ತದೆ ಎಂಬ ಚರ್ಚೆಯಲ್ಲಿದ್ದರು.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಮಂಗಲಾ ಈಗ ಊರಿನಲ್ಲೇ ಇರುತ್ತಾಳೆ. ಹೊಸ ಕೆಲಸದವಳು ವಾರಕ್ಕೆರಡು ದಿನ ಬರುವುದಿಲ್ಲ, ಉಳಿದ ದಿನ ಬಂದರೂ ಬಂದಂತಿಲ್ಲ. ಸೊಸೈಟಿಯ ಸಭೆ ಮುಗಿದ ಸಂಜೆ, ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿ ಮಂಗಲಾಳಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿ ನಕ್ಕಳು. "ಭಾನುವಾರ ಬನ್ನಿ ವೈನಿ, ತಾಗ ಬಿತ್ತುತ್ತಿದ್ದೇವೆ" ಎಂದಳು. ತಾಗ ಎಂದರೆ ಅವರ ಮಾತಿನಲ್ಲಿ ಸೆಣಬು.

ಹೋದೆ. ಒಂದು ಬದಿಗೆ ಈಜುಕೊಳದ ಬಂಗಲೆಯ ಗೋಡೆ, ಇನ್ನೊಂದು ಬದಿಗೆ ರಸ್ತೆ, ನಡುವೆ ಮಂಗಲಾಳ ಗದ್ದೆ. ಮಣ್ಣಿಗೆ ಕಾಲಿಟ್ಟರೆ ಕಾಲು ಒಳಗಿಳಿಯುತ್ತದೆ, ಅಷ್ಟು ಮೆದು. ನಾನೂ ಬಿತ್ತುತ್ತೇನೆ ಎಂದೆ. ಮಂಗಲಾ ಅನುಮಾನದಿಂದಲೇ ಬುಟ್ಟಿ ಕೊಟ್ಟಳು. ಬೀಸಿದೆ. ಬೀಜ ಹರಡಲಿಲ್ಲ, ಒಂದೇ ಕಡೆ ರಾಶಿ ಬಿತ್ತು. ಇನ್ನೊಮ್ಮೆ ಬೀಸಿದೆ, ಅದರ ಮೇಲೆಯೇ ಬಿತ್ತು. ಮೂರನೆಯ ಸಲಕ್ಕೆ ಮಂಗಲಾ ಉಸಿರು ಬಿಟ್ಟು ಬುಟ್ಟಿ ಕಸಿದುಕೊಂಡಳು. "ವೈನಿ, ನೀವು ಆ ಬದುವಿನ ಮೇಲೆ ಕೂತುಕೊಳ್ಳಿ. ಇಷ್ಟು ವರ್ಷ ಆಜಿ ಜೊತೆ ಇದ್ದು ಏನು ಕಲಿತಿರೋ." ಅವಳ ದನಿಯಲ್ಲಿ ಎಳ್ಳಷ್ಟೂ ತಾಳ್ಮೆ ಇರಲಿಲ್ಲ. ನಾನು ಹೋಗಿ ಕುಳಿತೆ. ವಿಚಿತ್ರವೆಂದರೆ ನನಗೆ ಸಿಟ್ಟು ಬರಲಿಲ್ಲ.

ಇಂದು ಬೆಳಿಗ್ಗೆ ಅವಳಿಂದ ಒಂದು ಫೋಟೋ ಬಂತು. ಗದ್ದೆಯ ತುಂಬ ತೆಳುವಾಗಿ, ಸಮನಾಗಿ ಹಸಿರು ಮೊಳಕೆ. ಬದುವಿನ ಹತ್ತಿರ ಮಾತ್ರ ಒಂದು ಕಡೆ, ಒಂದರ ಮೇಲೊಂದು ನುಗ್ಗಿಕೊಂಡು ಎದ್ದ ಗಿಡಗಳ ದಟ್ಟ ಗುಂಪು. ಅದರ ಸುತ್ತ ಅವಳು ಬೆರಳಿನಿಂದ ಒಂದು ಕೆಂಪು ಸುತ್ತು ಎಳೆದು ಕೆಳಗೆ ಬರೆದಿದ್ದಳು: ವೈನಿ, ಇದು ನಿಮ್ಮ ಜಾಗ.